ಮೊಣಕಾಲು ಒಂಟಿಯಲ್ಲ



ಈ ಪುಟವನ್ನು ನೆಲದ ಮೇಲೆ ಕುಳಿತು ಓದುತ್ತಿದ್ದೀರಾ? ಹಾಗಾದರೆ ನಿಮಗೆ ಒಂದು ಪ್ರಶ್ನೆ. ಏಳುವಾಗ ಕೈ ಎಲ್ಲಿ ಊರುತ್ತೀರಿ? ಗೋಡೆಗೋ? ಮೊಣಕಾಲಿಗೋ? ಪಕ್ಕದವರ ಹೆಗಲಿಗೋ? ಏಳುವಾಗ ಬಾಯಿಂದ "ಯವ್ವಾ" ಅಂತ ಬರುತ್ತದೆಯೇ?

ಬಂದರೆ ನಾಚಿಕೆ ಬೇಡ. ಈ ಪಾಠ ನಿಮಗಾಗಿಯೇ ಇದೆ. ಬರದಿದ್ದರೂ ಓದಿ. ನಿಮ್ಮ ಮನೆಯಲ್ಲಿ ಒಬ್ಬರಿಗಾದರೂ ಇದು ಬೇಕಾಗುತ್ತದೆ.

ಅಕ್ಕಲಕೋಟೆ ತಾಲೂಕಿನ ನಮ್ಮ ಒಂದು ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು. ಅಕ್ಷರ ಬೇಗ ಕಲಿತರು. ಮೊಮ್ಮಗಳ ಪುಸ್ತಕದ ಪಾಠವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು. ಒಂದು ದಿನ ಬರುವುದು ಬಿಟ್ಟರು. ಓದು ಬೇಸರವಾಗಿರಬೇಕು ಅಂತ ನಾನು ತಿಳಿದೆ. ಮನೆಗೆ ಹೋಗಿ ಕೇಳಿದೆ.

"ಓದು ಬ್ಯಾಸರ ಇಲ್ಲ. ಚಾಪಿ ಮ್ಯಾಲ ಕುಂತರ ಏಳಾಕ ಬರಂಗಿಲ್ಲ. ಎಲ್ಲಾರ ಮುಂದ ಹಿಡಿದು ಎಬ್ಬಸ್ತಾರ. ನಾಚಿಕಿ ಆಗ್ತದ" ಅಂದರು.

ನಾನು ತಪ್ಪು ತಿಳಿದಿದ್ದೆ. ಮರುದಿನ ಕೇಂದ್ರದಲ್ಲಿ ಒಂದು ಕುರ್ಚಿ ಇಟ್ಟೆವು. ಅಕ್ಕ ಬಂದರು. ಆದರೆ ಕುರ್ಚಿಯಿಂದ ನೋವು ಹೋಗುವುದಿಲ್ಲ. ಆಶಾ ಕಾರ್ಯಕರ್ತೆ ಅವರನ್ನು ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಅವರ ತೂಕ ನೋಡಿದರು. ಸೊಂಟ ಅಳೆದರು. ಬಿ.ಪಿ. ನೋಡಿದರು. ಬೆರಳು ಚುಚ್ಚಿ ಸಕ್ಕರೆ ನೋಡಿದರು. ನಿದ್ದೆ ಬರುತ್ತದೆಯೇ ಅಂತ ಕೇಳಿದರು.

ಅಕ್ಕನಿಗೆ ಸಿಟ್ಟು ಬಂತು. "ನಾ ತೋರ್ಸಾಕ ಹೋಗಿದ್ದು ಮೊಣಕಾಲು. ಅವರು ರಕ್ತ ಯಾಕ ನೋಡಿದರು?" ಅಂತ ನನ್ನನ್ನು ಕೇಳಿದರು.

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕೋಣ ಬನ್ನಿ.

ಮೊಣಕಾಲಿನ ಒಳಗೆ ಏನಿದೆ?

ತೊಡೆಯ ಎಲುಬು ಮತ್ತು ಕೆಳಗಾಲಿನ ಎಲುಬು ಕೂಡುವ ಜಾಗ ಮೊಣಕಾಲು. ಇಂಥ ಜಾಗಕ್ಕೆ ಕೀಲು ಅನ್ನುತ್ತೇವೆ. ಎರಡು ಎಲುಬಿನ ತುದಿಗೂ ಒಂದು ನುಣುಪಾದ ಹೊದಿಕೆ ಇದೆ. ಅದು ಮೆತ್ತಗೂ ಇದೆ, ಗಟ್ಟಿಯೂ ಇದೆ. ಇದಕ್ಕೆ ಮೃದ್ವಸ್ಥಿ ಅಂತ ಹೆಸರು. ನಾವು ಇಲ್ಲಿ ಮೆತ್ತೆಲುಬು ಅನ್ನೋಣ. ಇದರಿಂದ ಎಲುಬಿಗೆ ಎಲುಬು ತಿಕ್ಕುವುದಿಲ್ಲ. ಕೀಲಿನ ಒಳಗೆ ಎಣ್ಣೆಯಂಥ ಜಿಡ್ಡು ನೀರು ಸ್ವಲ್ಪ ಇರುತ್ತದೆ. ಅದು ಕೀಲನ್ನು ಸಲೀಸಾಗಿ ಆಡಿಸುತ್ತದೆ.

ಕಾಲ ಕಳೆದಂತೆ ಕೆಲವರಿಗೆ ಈ ಮೆತ್ತೆಲುಬು ತೆಳುವಾಗುತ್ತದೆ. ಅಲ್ಲಲ್ಲಿ ಒರಟಾಗುತ್ತದೆ. ಎಲುಬಿನ ಅಂಚಿನಲ್ಲಿ ಹೊಸ ಎಲುಬು ಮೊಳೆಯುತ್ತದೆ. ಕೀಲಿನ ಒಳಪೊರೆ ಬಾಯುತ್ತದೆ. ಆಗ ನೋವು, ಬಿಗಿತ, ಕಟಕಟ ಸದ್ದು. ಇದಕ್ಕೆ ಡಾಕ್ಟರು ಆಸ್ಟಿಯೋ ಆರ್ಥ್ರೈಟಿಸ್ ಅನ್ನುತ್ತಾರೆ. ನಾವು ಕೀಲು ಸವೆತ ಅನ್ನುತ್ತೇವೆ. ಮರಾಠಿಯಲ್ಲಿ ಗುಡಘ್ಯಾಚೀ ಝೀಜ ಅನ್ನುತ್ತಾರೆ.

ಈ ಕಷ್ಟ ನಮಗಷ್ಟೇ ಬಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ 52 ಕೋಟಿ 80 ಲಕ್ಷ ಜನರಿಗೆ ಕೀಲು ಸವೆತ ಇತ್ತು. ಅವರಲ್ಲಿ 100ಕ್ಕೆ 60 ಮಂದಿ ಹೆಂಗಸರು. ಹೆಚ್ಚಿನವರಿಗೆ ಬಂದದ್ದು ಮೊಣಕಾಲಿಗೇ.

ಮೊಣಕಾಲು ಬಂಡಿಯ ಅಚ್ಚಲ್ಲ

ಸವೆತ ಅಂದ ಕೂಡಲೇ ನಮಗೆ ಬಂಡಿಯ ಅಚ್ಚು ನೆನಪಾಗುತ್ತದೆ. ಗಾಲಿ ತಿರುಗಿದಷ್ಟೂ ಅಚ್ಚು ಸವೆಯುತ್ತದೆ. ಬಂಡಿ ನಿಲ್ಲಿಸಿದರೆ ಸವೆತ ನಿಲ್ಲುತ್ತದೆ. ಹಾಗಾದರೆ ಮೊಣಕಾಲು ನೋಯುವವರು ನಡೆಯದೆ ಕೂತರೆ ಒಳ್ಳೆಯದು, ಹೌದಲ್ಲ?

ಅಲ್ಲ. ಇಲ್ಲಿಯೇ ನಾವೆಲ್ಲ ತಪ್ಪುತ್ತೇವೆ.

ಅಚ್ಚು ಬರೀ ಕಬ್ಬಿಣ. ಮೊಣಕಾಲಿಗೆ ಜೀವ ಇದೆ. ಜೀವ ಇರುವ ಎಲ್ಲಕ್ಕೂ ಊಟ ಬೇಕು. ಮೆತ್ತೆಲುಬಿಗೂ ಊಟ ಬೇಕು. ಆದರೆ ಅದರೊಳಗೆ ರಕ್ತನಾಳ ಇಲ್ಲ. ಹಾಗಾದರೆ ಅದಕ್ಕೆ ಊಟ ಹೇಗೆ ಸಿಗುತ್ತದೆ? ಒದ್ದೆ ಸ್ಪಂಜನ್ನು ನೆನೆಯಿರಿ. ಒತ್ತಿದರೆ ನೀರು ಹೊರಗೆ ಬರುತ್ತದೆ. ಬಿಟ್ಟರೆ ನೀರು ಒಳಗೆ ಹೋಗುತ್ತದೆ. ಮೆತ್ತೆಲುಬು ಕೂಡ ಹೀಗೆಯೇ. ನೀವು ಹೆಜ್ಜೆ ಇಟ್ಟಾಗ ಅದು ಒತ್ತಿಕೊಳ್ಳುತ್ತದೆ. ಹೆಜ್ಜೆ ಎತ್ತಿದಾಗ ಕೀಲಿನ ಜಿಡ್ಡು ನೀರನ್ನು ಹೀರಿಕೊಳ್ಳುತ್ತದೆ. ಆ ನೀರಿನಲ್ಲೇ ಅದರ ಊಟ ಇದೆ. ಅಂದರೆ ನಡೆದರೆ ಮೆತ್ತೆಲುಬಿಗೆ ಊಟ. ನಡೆಯದಿದ್ದರೆ ಉಪವಾಸ.

ಆ ಊಟ ಎಲ್ಲಿಂದ ಬರುತ್ತದೆ? ನಿಮ್ಮ ರಕ್ತದಿಂದ ಕೀಲಿನ ನೀರಿಗೆ ಬರುತ್ತದೆ. ರಕ್ತ ಇಡೀ ದೇಹದ್ದು. ಒಂದು ಮೊಣಕಾಲಿನದ್ದಲ್ಲ. ರಕ್ತದಲ್ಲಿ ಏನಿದೆಯೋ ಅದು ಮೊಣಕಾಲಿಗೂ ಮುಟ್ಟುತ್ತದೆ. ಒಳ್ಳೆಯದೂ ಮುಟ್ಟುತ್ತದೆ, ಕೆಟ್ಟದ್ದೂ ಮುಟ್ಟುತ್ತದೆ.

ಅಕ್ಕನ ಪ್ರಶ್ನೆಗೆ ಉತ್ತರ ಇಲ್ಲಿಂದ ಶುರುವಾಗುತ್ತದೆ.

ತೂಕದ ಲೆಕ್ಕ

ಮೊದಲು ತೂಕ ನೋಡೋಣ. ನಡೆಯುವಾಗ ಮೊಣಕಾಲಿನ ಮೇಲೆ ಬೀಳುವ ಭಾರ ನಮ್ಮ ತೂಕಕ್ಕಿಂತ ಹೆಚ್ಚು. ಮೊಣಕಾಲು ಸವೆತ ಇರುವ, ದಪ್ಪ ಇರುವ ಹಿರಿಯರ ನಡಿಗೆಯನ್ನು ವಿಜ್ಞಾನಿಗಳು ಯಂತ್ರದಿಂದ ಅಳೆದರು. ಫಲ 2005ರಲ್ಲಿ ಪ್ರಕಟವಾಯಿತು. ತೂಕ 1 ಕಿಲೋ ಇಳಿದರೆ, ಪ್ರತಿ ಹೆಜ್ಜೆಗೆ ಮೊಣಕಾಲಿನ ಭಾರ ಸುಮಾರು 4 ಕಿಲೋ ಇಳಿಯುತ್ತದೆ.

ಈಗ ನೀವು ಲೆಕ್ಕ ಕಲಿತಿದ್ದೀರಿ. ಮಾಡಿ ನೋಡಿ.

ತೂಕ 5 ಕಿಲೋ ಇಳಿಯಿತು ಅನ್ನಿ.
5 × 4 = 20 ಕಿಲೋ. ಇದು ಒಂದು ಹೆಜ್ಜೆಗೆ.

ತುಂಬಿದ ಕೊಡದಲ್ಲಿ 15 ಲೀಟರ್ ನೀರು ಇದ್ದರೆ ಅದು 15 ಕಿಲೋ. ಅಂದರೆ ಒಂದು ಕೊಡಕ್ಕಿಂತ ಹೆಚ್ಚು ಭಾರ ಇಳಿಯಿತು.

ನೀರಿಗೆ ಹೋಗಿ ಬರುವಾಗ ಒಂದು ಕಾಲು 500 ಸಲ ನೆಲ ಮುಟ್ಟುತ್ತದೆ ಅನ್ನಿ.
500 × 20 = 10,000 ಕಿಲೋ. ಅಂದರೆ 100 ಕ್ವಿಂಟಲ್.

ನೂರು ಕ್ವಿಂಟಲ್ ಜೋಳ ಎಷ್ಟು ಚೀಲ ಅಂತ ರೈತರಿಗೆ ಗೊತ್ತು. ಅಷ್ಟು ಭಾರ ಒಂದು ಮೊಣಕಾಲಿನ ಮೇಲಿಂದ ಇಳಿಯಿತು. ಅದೂ ಒಂದೇ ಸಲ ನೀರಿಗೆ ಹೋಗಿ ಬರುವುದರಲ್ಲಿ.

ಬೆರಳು ಹೇಳುವ ಗುಟ್ಟು

"ಆತು. ದಪ್ಪ ಇದ್ದರ ಭಾರ ಬೀಳ್ತದ. ಇದರಾಗ ರಕ್ತದ ಮಾತು ಎಲ್ಲಿ ಬಂತು?" ಅಂತ ನೀವು ಕೇಳಬಹುದು.

ಒಂದು ವಿಚಿತ್ರ ನೋಡಿ. ದಪ್ಪ ಇರುವವರಿಗೆ ಕೈಬೆರಳಿನ ಕೀಲು ಸವೆತವೂ ಹೆಚ್ಚು. ನಾವು ಕೈಬೆರಳಿನ ಮೇಲೆ ನಡೆಯುವುದಿಲ್ಲ. ದೇಹದ ಭಾರ ಬೆರಳಿನ ಮೇಲೆ ಬೀಳುವುದಿಲ್ಲ. ಹಾಗಿದ್ದರೂ ಬೆರಳಿನ ಗಂಟು ಯಾಕೆ ನೋಯುತ್ತದೆ?

ಯಾಕೆಂದರೆ ಕೊಬ್ಬು ಸುಮ್ಮನೆ ಕೂಡುವುದಿಲ್ಲ. ಅದು ಗೋಣಿಚೀಲದಲ್ಲಿ ಕಟ್ಟಿಟ್ಟ ಕಾಳು ಅಲ್ಲ. ಹೊಟ್ಟೆಯ ಸುತ್ತ ಸೇರಿದ ಕೊಬ್ಬು ಕೆಲವು ರಸಗಳನ್ನು ರಕ್ತಕ್ಕೆ ಬಿಡುತ್ತದೆ. ಆ ರಸಗಳು ದೇಹದಲ್ಲಿ ಸಣ್ಣ ಉರಿ ಹಚ್ಚುತ್ತವೆ. ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡ ಇರುತ್ತದಲ್ಲ, ಹಾಗೆ. ಮೇಲೆ ಕಾಣುವುದಿಲ್ಲ. ಜ್ವರ ಬರುವುದಿಲ್ಲ. ಆದರೆ ಒಳಗೆ ಬಿಸಿ ಇದ್ದೇ ಇರುತ್ತದೆ. ರಕ್ತದ ಜೊತೆ ಅದು ಎಲ್ಲ ಕಡೆ ಹೋಗುತ್ತದೆ. ಬೆರಳಿಗೂ ಹೋಗುತ್ತದೆ, ಮೊಣಕಾಲಿಗೂ ಹೋಗುತ್ತದೆ, ಹೃದಯಕ್ಕೂ ಹೋಗುತ್ತದೆ.

ಅದಕ್ಕೇ ದವಾಖಾನೆಯಲ್ಲಿ ಸೊಂಟಕ್ಕೆ ಟೇಪು ಹಾಕಿ ಅಳೆಯುತ್ತಾರೆ. ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ಕೈಕಾಲು ಸಣ್ಣ ಇದ್ದು ಹೊಟ್ಟೆ ಮಾತ್ರ ಬೆಳೆದಿದ್ದರೂ ಎಚ್ಚರ ಬೇಕು. ದರ್ಜಿಯ ಟೇಪು ಇದ್ದರೆ ಸಾಕು. ಮನೆಯಲ್ಲೇ ಅಳೆಯಬಹುದು.

ಒಂದು ಮಾತು. ಸಣ್ಣ ಇದ್ದವರಿಗೂ ಕೀಲು ಸವೆತ ಬರುತ್ತದೆ. ಮನೆತನದಿಂದ ಬರಬಹುದು. ಹಿಂದೆ ಬಿದ್ದು ಪೆಟ್ಟಾಗಿದ್ದರೆ ಬರಬಹುದು. ವರ್ಷಗಟ್ಟಲೆ ಭಾರ ಹೊತ್ತಿದ್ದರೆ ಬರಬಹುದು. ಹೆಂಗಸರಿಗೆ ಮುಟ್ಟು ನಿಂತ ಮೇಲೆ ಹೆಚ್ಚುತ್ತದೆ. ಇದು ಯಾರ ತಪ್ಪೂ ಅಲ್ಲ. "ತಿಂದು ದಪ್ಪ ಆಗ್ಯಾಳ, ಅದಕ್ಕ ಕಾಲು ನೋಯ್ತದ" ಅಂತ ಯಾರನ್ನೂ ಆಡಿಕೊಳ್ಳಬೇಡಿ. ಸಣ್ಣ ಇದ್ದವರು ಊಟ ಬಿಟ್ಟು ತೂಕ ಇಳಿಸಬೇಡಿ. ಅವರಿಗೆ ಬೇಕಾದದ್ದು ಶಕ್ತಿ.

ಸಕ್ಕರೆ ಮತ್ತು ಬಿ.ಪಿ.

ಬೆಲ್ಲದ ಪಾಕ ಕೈಗೆ ಅಂಟಿದರೆ ಏನಾಗುತ್ತದೆ? ಆರಿದ ಮೇಲೆ ಚರ್ಮ ಬಿಗಿಯುತ್ತದೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಅದು ಮೆತ್ತೆಲುಬಿನ ಎಳೆಗಳಿಗೂ ಅಂಟುತ್ತದೆ. ಎಳೆಗಳು ಬಿರುಸಾಗುತ್ತವೆ. ಮೊದಲಿನ ಹಾಗೆ ಒತ್ತಿಕೊಂಡು ಅರಳುವುದಿಲ್ಲ.

ಇಷ್ಟೇ ಅಲ್ಲ. ಸಕ್ಕರೆ ಬೇನೆ ಹಳೆಯದಾದರೆ ಪಾದ ಜೋಮು ಹಿಡಿಯುತ್ತದೆ. ನೆಲ ಸರಿಯಾಗಿ ತಿಳಿಯುವುದಿಲ್ಲ. ಹೆಜ್ಜೆ ತಪ್ಪುತ್ತದೆ. ಮುಂದೆ ಮೊಣಕಾಲಿನ ಆಪರೇಷನ್ ಬೇಕಾದರೂ ಡಾಕ್ಟರು ಮೊದಲು ಸಕ್ಕರೆ ಇಳಿಸಿ ಅನ್ನುತ್ತಾರೆ. ಸಕ್ಕರೆ ಹೆಚ್ಚಿದ್ದರೆ ಗಾಯ ಮಾಯುವುದು ತಡ. ಕೀವು ಆಗುವ ಭಯ ಹೆಚ್ಚು.

ಬಿ.ಪಿ. ಯಾಕೆ ನೋಡುತ್ತಾರೆ? ನೋವಿನ ಗುಳಿಗೆಗಳಲ್ಲಿ ಹಲವು ಬಿ.ಪಿ. ಏರಿಸುತ್ತವೆ. ಬಿ.ಪಿ. ಮೊದಲೇ ಹೆಚ್ಚಿದ್ದರೆ ಯಾವ ಗುಳಿಗೆ ಕೊಡಬೇಕು, ಯಾವುದು ಕೊಡಬಾರದು ಅಂತ ಡಾಕ್ಟರಿಗೆ ತಿಳಿಯಬೇಕು.

ಈ ಅಂಕಿಗಳನ್ನು ಓದಲು ಕಲಿಯಿರಿ:

ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಅಥವಾ ಮೇಲೆ ಬಂದರೆ ಸಕ್ಕರೆ ಬೇನೆ ಇರಬಹುದು. ಇನ್ನೊಮ್ಮೆ ಪರೀಕ್ಷೆ ಮಾಡಿಸಿ.
ಬಿ.ಪಿ.ಗೆ ಎರಡು ಅಂಕಿ. ಮೇಲಿನದು 140 ಅಥವಾ ಕೆಳಗಿನದು 90 ಮುಟ್ಟಿದರೆ ಡಾಕ್ಟರನ್ನು ಕೇಳಿ.

30 ವರ್ಷ ದಾಟಿದವರಿಗೆ ಬಿ.ಪಿ. ಮತ್ತು ಸಕ್ಕರೆಯ ತಪಾಸಣೆ ಸರಕಾರಿ ಆರೋಗ್ಯ ಉಪಕೇಂದ್ರದಲ್ಲಿ ಉಚಿತ. ಈಗ ಆ ಕೇಂದ್ರಕ್ಕೆ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು. ನಿಮ್ಮ ಊರಿನ ಆಶಾ ಅಕ್ಕನನ್ನು ಕೇಳಿ. ಅವರು ಹೇಳುತ್ತಾರೆ.

ನಿದ್ದೆ ಮತ್ತು ಮನಸ್ಸು

ರಾತ್ರಿ ನಿದ್ದೆ ಇಲ್ಲದಿದ್ದರೆ ಮರುದಿನ ಮೊಣಕಾಲು ಹೆಚ್ಚು ನೋಯುತ್ತದೆ. ಇದು ನಿಮಗೇ ಗೊತ್ತಿರಬಹುದು. ನೋವು ಇರುವುದು ಕಾಲಿನಲ್ಲಿ. ಆದರೆ ಅದನ್ನು ಅರಿಯುವುದು ಮೆದುಳು. ನಿದ್ದೆ ಕೆಟ್ಟ ಮೆದುಳಿಗೆ ಸಣ್ಣ ನೋವೂ ದೊಡ್ಡದಾಗಿ ಕೇಳುತ್ತದೆ.

ಮನಸ್ಸಿನ ಚಿಂತೆಯೂ ಹಾಗೆಯೇ. ಮನೆಯಿಂದ ಹೊರಗೆ ಹೋಗುವುದು ನಿಂತಿತು. ಜಾತ್ರೆಗೆ ಇಲ್ಲ. ಮದುವೆಗೆ ಇಲ್ಲ. ಗೆಳತಿಯರ ಮಾತಿಲ್ಲ. ಒಬ್ಬರೇ ಕೂತರೆ ನೋವೇ ಸಂಗಾತಿ. ಎಕ್ಸ್‌ರೇಯಲ್ಲಿ ಸವೆತ ಬಹಳ ಕಂಡರೂ ಕೆಲವರು ಆರಾಮಾಗಿ ತಿರುಗುತ್ತಾರೆ. ಸವೆತ ಸ್ವಲ್ಪವೇ ಇದ್ದರೂ ಕೆಲವರು ಬಹಳ ನೋಯುತ್ತಾರೆ. ಅದಕ್ಕೆ ಕಾರಣ ಬರೀ ಎಲುಬಿನಲ್ಲಿ ಇರುವುದಿಲ್ಲ.

ಗಾಣದ ಸುತ್ತು

ಈಗ ಎಲ್ಲವನ್ನೂ ಕೂಡಿಸಿ ನೋಡಿ.

ಮೊಣಕಾಲು ನೋಯುತ್ತದೆ. ನಡೆಯುವುದು ಬಿಡುತ್ತೇವೆ.
ನಡೆಯುವುದು ಬಿಟ್ಟರೆ ತೊಡೆಯ ಮಾಂಸ ಕರಗುತ್ತದೆ. ತೂಕ ಏರುತ್ತದೆ.
ತೂಕ ಏರಿದರೆ ಸಕ್ಕರೆ, ಬಿ.ಪಿ. ಏರುತ್ತವೆ. ಹೃದಯಕ್ಕೂ ಕೇಡು.
ರಾತ್ರಿ ನಿದ್ದೆ ಬರುವುದಿಲ್ಲ. ಮನಸ್ಸು ಕುಗ್ಗುತ್ತದೆ.
ಮೊಣಕಾಲು ಇನ್ನೂ ನೋಯುತ್ತದೆ. ಇನ್ನೂ ಕಡಿಮೆ ನಡೆಯುತ್ತೇವೆ.

ಗಾಣದ ಎತ್ತು ತಿರುಗಿದ ಹಾಗೆ ಇದು ತಿರುಗುತ್ತದೆ. ಆದರೆ ಇದರಲ್ಲೇ ಒಂದು ಒಳ್ಳೆಯ ಸುದ್ದಿ ಇದೆ. ಸುತ್ತನ್ನು ಎಲ್ಲಿ ಬೇಕಾದರೂ ಬಿಡಿಸಬಹುದು. ಒಂದು ಕಡೆ ಬಿಚ್ಚಿದರೆ ಉಳಿದದ್ದೂ ಸಡಿಲಾಗುತ್ತದೆ.

ಅಮೆರಿಕಾದಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಫಲ 2013ರಲ್ಲಿ ಪ್ರಕಟವಾಯಿತು. 55 ವರ್ಷ ದಾಟಿದ, ತೂಕ ಹೆಚ್ಚಿದ್ದ, ಮೊಣಕಾಲು ಸವೆತ ಇದ್ದ 454 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಊಟ ಸರಿ ಮಾಡಿಕೊಂಡಿತು. ಒಂದು ಗುಂಪು ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಎರಡನ್ನೂ ಮಾಡಿತು. 18 ತಿಂಗಳ ನಂತರ ನೋಡಿದರು. ಎರಡನ್ನೂ ಮಾಡಿದವರ ನೋವು ಎಲ್ಲರಿಗಿಂತ ಹೆಚ್ಚು ಇಳಿದಿತ್ತು. ಸುಮಾರು ಅರ್ಧಕ್ಕೆ ಬಂದಿತ್ತು.

ಸವೆದ ಮೆತ್ತೆಲುಬು ಮೊದಲಿನಂತೆ ಬೆಳೆಯುವುದಿಲ್ಲ. ಇದು ನಿಜ. ಆದರೆ ನೋವು ಇಳಿಯಬಹುದು. ನಡಿಗೆ ಮರಳಿ ಬರಬಹುದು. ಇದೂ ನಿಜ.

ಎಲ್ಲಿಂದ ಶುರು ಮಾಡೋಣ?

ಮೊದಲು ತೊಡೆ ಗಟ್ಟಿ ಮಾಡಿ. ಗಿಡ ವಾಲದಂತೆ ಊರುಗೋಲು ಕೊಡುತ್ತೇವಲ್ಲ, ಹಾಗೆ ತೊಡೆಯ ಮಾಂಸ ಮೊಣಕಾಲಿಗೆ ಆಸರೆ. ಮೂರು ವ್ಯಾಯಾಮ ಕಲಿಯಿರಿ. ಇದಕ್ಕೆ ಖರ್ಚಿಲ್ಲ.

1. ಕುರ್ಚಿ ಅಥವಾ ಕಟ್ಟೆಯ ಮೇಲೆ ಕೂಡಿ. ಒಂದು ಕಾಲನ್ನು ಮುಂದಕ್ಕೆ ನೇರ ಮಾಡಿ. 5 ಎಣಿಸಿ. ನಿಧಾನ ಇಳಿಸಿ. ಇನ್ನೊಂದು ಕಾಲು. ಹೀಗೆ 10 ಸಲ.

2. ಕಾಲು ಚಾಚಿ ಮಲಗಿ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಡಿ. ಮೊಣಕಾಲಿನಿಂದ ಟವೆಲ್ ಒತ್ತಿ. 5 ಎಣಿಸಿ. ಬಿಡಿ. ಹೀಗೆ 10 ಸಲ.

3. ಗಟ್ಟಿ ಕುರ್ಚಿಯನ್ನು ಗೋಡೆಗೆ ಆನಿಸಿ ಇಡಿ. ಕೂಡಿ. ಏಳಿ. ಮತ್ತೆ ಕೂಡಿ. 5 ಸಲ ಸಾಕು. ಮೊದಮೊದಲು ಕೈ ಊರಬಹುದು.

ಆಮೇಲೆ ನಡಿಗೆ. ಮೊದಲ ವಾರ ದಿನಕ್ಕೆ 10 ನಿಮಿಷ. ನಿಧಾನವಾಗಿ 30 ನಿಮಿಷಕ್ಕೆ ಬನ್ನಿ. ಒಂದೇ ಸಲ ಆಗದಿದ್ದರೆ ಮುಂಜಾನೆ ಸ್ವಲ್ಪ, ಸಂಜೆ ಸ್ವಲ್ಪ. ನಮ್ಮ ಸೊಲ್ಲಾಪುರ ಸೀಮೆಯ ಬಿಸಿಲು ನಿಮಗೆ ಗೊತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ನಡೆಯಬೇಡಿ. ನಡೆಯುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮರುದಿನ ನೋವು ಹೆಚ್ಚಾದರೆ ಸ್ವಲ್ಪ ಕಡಿಮೆ ಮಾಡಿ. ಪೂರ್ತಿ ಬಿಡಬೇಡಿ.

ಕೋಲು ಹಿಡಿಯುವುದಕ್ಕೆ ಸಂಕೋಚ ಬೇಡ. ಪಂಢರಪುರಕ್ಕೆ ನಡೆಯುವ ವಾರಕರಿಗಳಲ್ಲಿ ಎಷ್ಟೋ ಹಿರಿಯರ ಕೈಯಲ್ಲಿ ಕೋಲು ಇರುತ್ತದೆ. ಆದರೆ ಯಾವ ಕೈಯಲ್ಲಿ ಹಿಡಿಯಬೇಕು? ಬಲ ಮೊಣಕಾಲು ನೋಯುತ್ತಿದ್ದರೆ ಎಡಗೈಯಲ್ಲಿ. ಎಡ ಮೊಣಕಾಲು ನೋಯುತ್ತಿದ್ದರೆ ಬಲಗೈಯಲ್ಲಿ. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ.

ಊಟದ ಮಾತು

ಊಟ ಬಿಡಬೇಡಿ. ಊಟ ಬದಲಿಸಿ. ನಮ್ಮ ಜೋಳದ ರೊಟ್ಟಿ ಒಳ್ಳೆಯದು. ಪುಂಡಿ ಪಲ್ಯ, ಮೆಂತ್ಯ ಪಲ್ಯ, ಮಡಕೆ ಕಾಳು, ಹೆಸರು ಕಾಳು ಒಳ್ಳೆಯದು. ಕಾಳು, ಬೇಳೆ, ಮೊಸರು, ತತ್ತಿಯಿಂದ ಮಾಂಸಕ್ಕೆ ಶಕ್ತಿ ಬರುತ್ತದೆ. ಶೇಂಗಾ ಹಿಂಡಿ ಒಂದು ಚಮಚ ಸಾಕು. ಅದರ ಮೇಲೆ ಎಣ್ಣೆ ಸುರಿಯುವುದು ಬೇಡ. ಭಜಿ, ಸೇವು, ಫರಸಾಣ ಕಡಿಮೆ ಮಾಡಿ.

ಚಹಾದ ಲೆಕ್ಕ ನೋಡಿ. ಒಂದು ಕಪ್ಪಿಗೆ 2 ಚಮಚ ಸಕ್ಕರೆ. ದಿನಕ್ಕೆ 5 ಕಪ್ಪು. ಅಂದರೆ 10 ಚಮಚ. ಒಂದು ಚಮಚಕ್ಕೆ 5 ಗ್ರಾಂ ಹಿಡಿದರೆ ದಿನಕ್ಕೆ 50 ಗ್ರಾಂ. 30 ದಿನಕ್ಕೆ 1,500 ಗ್ರಾಂ. ಅಂದರೆ ತಿಂಗಳಿಗೆ ಒಂದೂವರೆ ಕಿಲೋ ಸಕ್ಕರೆ! ಅದೂ ಒಬ್ಬರಿಗೆ, ಬರೀ ಚಹಾದಲ್ಲಿ. ಕಪ್ಪು ಕಡಿಮೆ ಮಾಡಿ. ಚಮಚವನ್ನೂ ಕಡಿಮೆ ಮಾಡಿ. ರಾತ್ರಿಯ ಚಹಾ ಬಿಟ್ಟರೆ ನಿದ್ದೆಯೂ ಬರುತ್ತದೆ.

ಕೆಲಸದ ಮಾತು

ಬೀಡಿ ಕಟ್ಟುವ ಅಕ್ಕಂದಿರೇ, ನೀವು ಕಾಲು ಮಡಚಿ, ಮೊರ ತೊಡೆಯ ಮೇಲಿಟ್ಟು ತಾಸುಗಟ್ಟಲೆ ಕೂಡುತ್ತೀರಿ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಆಗದಿದ್ದರೆ ಕೂತಲ್ಲೇ ಕಾಲು ಚಾಚಿ ಮಡಚಿ ಮಾಡಿ.

ಹೊಲದಲ್ಲಿ ಕಳೆ ತೆಗೆಯುವಾಗ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂಡಬೇಡಿ. ಸಣ್ಣ ಮಣೆ ಇಟ್ಟುಕೊಳ್ಳಿ. ಒಂದು ದೊಡ್ಡ ಕೊಡದ ಬದಲು ಎರಡು ಸಣ್ಣ ಕೊಡ ತನ್ನಿ. ಪಾಯಖಾನೆಗೆ ನಡುವೆ ತೂತಿರುವ ಕುರ್ಚಿ ಸಿಗುತ್ತದೆ. ಮನೆಯ ಗಂಡುಮಕ್ಕಳೇ, ನೀರು ಹೊರುವ ಕೆಲಸ ನೀವೂ ಮಾಡಬಹುದಲ್ಲ?

ಗುಳಿಗೆ, ಪುಡಿ: ಎಚ್ಚರ

ಎಣ್ಣೆ ತಿಕ್ಕಿದರೆ, ಬಿಸಿ ಬಟ್ಟೆಯ ಶಾಖ ಕೊಟ್ಟರೆ ಹಿತ ಅನಿಸುತ್ತದೆ. ಮಾಡಿಕೊಳ್ಳಿ, ಅಡ್ಡಿ ಇಲ್ಲ. ಆದರೆ ಅದರಿಂದ ಮೆತ್ತೆಲುಬು ಬೆಳೆಯುವುದಿಲ್ಲ.

ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನವೂ ನುಂಗಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೂತ್ರಪಿಂಡ, ಅಂದರೆ ಕಿಡ್ನಿ, ಕೆಡಬಹುದು. ಸಕ್ಕರೆ ಬೇನೆ, ಬಿ.ಪಿ. ಇದ್ದವರಿಗೆ ಈ ಭಯ ಇನ್ನೂ ಹೆಚ್ಚು. ಮೊಣಕಾಲು ಉಳಿಸಲು ಹೋಗಿ ಕಿಡ್ನಿ ಕಳೆದುಕೊಳ್ಳಬಾರದು.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಸಂತೆಯಲ್ಲಿ, ಜಾತ್ರೆಯಲ್ಲಿ ಹೆಸರಿಲ್ಲದ ಪುಡಿ ಮಾರುತ್ತಾರೆ. "ಮೂರು ದಿನದಾಗ ನೋವು ಮಾಯ" ಅನ್ನುತ್ತಾರೆ. ಇಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಎಂಬ ಔಷಧ ಕಲಬೆರಕೆ ಆಗಿರುತ್ತದೆ. ನೋವು ಬೇಗ ಇಳಿಯುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ. ಸಕ್ಕರೆ ಏರುತ್ತದೆ. ಬಿ.ಪಿ. ಏರುತ್ತದೆ. ಎಲುಬು ಟೊಳ್ಳಾಗುತ್ತದೆ. ಇಂಥ ಪುಡಿಯನ್ನು ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ಬಿಡಬೇಡಿ. ಅದೂ ಅಪಾಯ. ಪುಡಿಯ ಪೊಟ್ಟಣ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಮುಚ್ಚಿಡದೆ ತೋರಿಸಿ.

ದವಾಖಾನೆಗೆ ಯಾವಾಗ ಓಡಬೇಕು?

ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ತಡ ಮಾಡಬೇಡಿ. ಬಿದ್ದ ಮೇಲೆ ಕಾಲು ಊರಲು ಬರದಿದ್ದರೂ ತಡ ಮಾಡಬೇಡಿ. ಮುಂಜಾನೆ ಎದ್ದಾಗ ಕೈಕಾಲಿನ ಹಲವು ಕೀಲು ಒಂದು ತಾಸಿನವರೆಗೆ ಬಿಗಿದಿದ್ದರೆ ಡಾಕ್ಟರಿಗೆ ತೋರಿಸಿ. ಅದು ಬೇರೆ ತರಹದ ಸಂಧಿವಾತ ಇರಬಹುದು. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಬಿಡುತ್ತದೆ.

ಸೊಲ್ಲಾಪುರದ ದವಾಖಾನೆಯಲ್ಲಿ ಮಾತು ಮರಾಠಿ. ಮನೆಯಲ್ಲಿ ಬರೀ ಕನ್ನಡ ಆಡುವ ಹಿರಿಯರಿಗೆ ಕಷ್ಟ. ಈ ಮಾತುಗಳನ್ನು ನೆನಪಿಡಿ:

ಗುಡಘಾ – ಮೊಣಕಾಲು
ಸೂಜ – ಬಾವು
ವಜನ – ತೂಕ
ಸಾಖರ – ಸಕ್ಕರೆ
ರಕ್ತದಾಬ – ಬಿ.ಪಿ.
ಉಪಾಶೀ ಪೋಟೀ – ಖಾಲಿ ಹೊಟ್ಟೆಯಲ್ಲಿ
ಝೋಪ – ನಿದ್ದೆ

ನಾಚಿಕೆ ಬಿಟ್ಟು ಕೇಳಿ. "ನನಗೆ ಸಕ್ಕರೆ ಇದೆ. ಈ ಗುಳಿಗೆ ನಡೆಯುತ್ತದೆಯೇ? ಎಷ್ಟು ದಿನ ತಿನ್ನಬೇಕು?" ಇದನ್ನು ಕೇಳುವುದು ನಿಮ್ಮ ಹಕ್ಕು.

ಅಕ್ಕನ ನೋಟುಬುಕ್ಕು

ಮೊದಲು ಹೇಳಿದ ಅಕ್ಕ ಈಗಲೂ ಕೇಂದ್ರಕ್ಕೆ ಬರುತ್ತಾರೆ. ಅವರಿಗೆ ಸಕ್ಕರೆ ಬೇನೆ ಇರುವುದು ಆ ದಿನವೇ ಗೊತ್ತಾಯಿತು. ಮೊಣಕಾಲು ನೋಯದಿದ್ದರೆ ಅದು ಇನ್ನೂ ಎಷ್ಟು ವರ್ಷ ಗೊತ್ತಾಗುತ್ತಿರಲಿಲ್ಲವೋ. ಈಗ ಗುಳಿಗೆ ತಪ್ಪಿಸುವುದಿಲ್ಲ. ಸಂಜೆ ಗುಡಿಯವರೆಗೆ ನಡೆಯುತ್ತಾರೆ. ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಗೆರೆ ಹಾಕಿಕೊಂಡಿದ್ದಾರೆ. ತಾರೀಖು, ತೂಕ, ಸಕ್ಕರೆ, ಬಿ.ಪಿ. ಎಲ್ಲವನ್ನೂ ತಾವೇ ಬರೆಯುತ್ತಾರೆ. ಹಿಂದೆ ಆ ಚೀಟಿಗಳನ್ನು ಮಗ ಓದಿ ಹೇಳಬೇಕಿತ್ತು.

ನೋವು ಹೋಯಿತೇ ಅಂತ ಕೇಳಿದೆ. "ಪೂರಾ ಹೋಗಿಲ್ರಿ. ಆದರ ಈಗ ನಾ ಎದ್ದು ನಿಂದರ್ತೀನಿ" ಅಂದರು.

ಈಗಲೂ ಅವರು ಕುರ್ಚಿಯ ಮೇಲೆಯೇ ಕೂಡುತ್ತಾರೆ. ಪಕ್ಕದಲ್ಲಿ ಇನ್ನೂ ಎರಡು ಕುರ್ಚಿ ಬಂದಿವೆ. ನಿಮ್ಮ ಕೇಂದ್ರದಲ್ಲೂ ಒಂದು ಕುರ್ಚಿ ಇರಲಿ. ಬರುವುದು ಬಿಟ್ಟವರ ಮನೆಗೆ ಹೋಗಿ ಒಮ್ಮೆ ಕೇಳಿ.

ನೆನಪಿಡಿ

ಮೊಣಕಾಲಿಗೆ ಇಡೀ ದೇಹದ ನಂಟು ಇದೆ.
ನಡಿಗೆ ಬಿಡಬೇಡಿ. ತೊಡೆ ಗಟ್ಟಿ ಮಾಡಿ.
ಸೊಂಟ, ತೂಕ, ಸಕ್ಕರೆ, ಬಿ.ಪಿ. ನೋಡಿಸಿ.
ನಿದ್ದೆ ಮಾಡಿ. ನಾಲ್ಕು ಜನರ ಜೊತೆ ಕೂಡಿ.
ಹೆಸರಿಲ್ಲದ ಪುಡಿ ತಿನ್ನಬೇಡಿ.

ಉತ್ತರ ಹೇಳಿ, ಬರೆಯಿರಿ

1. ಮೆತ್ತೆಲುಬಿಗೆ ಊಟ ಹೇಗೆ ಸಿಗುತ್ತದೆ?
2. ಬಲ ಮೊಣಕಾಲು ನೋಯುತ್ತಿದ್ದರೆ ಕೋಲು ಯಾವ ಕೈಯಲ್ಲಿ ಹಿಡಿಯಬೇಕು?
3. ತೂಕ 3 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಭಾರ ಸುಮಾರು ಎಷ್ಟು ಇಳಿಯುತ್ತದೆ?
4. ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಚಹಾಕ್ಕೆ ಎಷ್ಟು ಸಕ್ಕರೆ ಬೇಕು? ಲೆಕ್ಕ ಮಾಡಿ.
5. ನೋಟುಬುಕ್ಕಿನಲ್ಲಿ ಗೆರೆ ಹಾಕಿ. ತಾರೀಖು, ತೂಕ, ಸೊಂಟ, ಸಕ್ಕರೆ, ಬಿ.ಪಿ. ಅಂತ ಬರೆಯಿರಿ. ಮುಂದಿನ ಸಲ ಆಶಾ ಅಕ್ಕ ಬಂದಾಗ ತುಂಬಿಸಿ.